ಬೀಜ ಸೋಸಿದ ರಸ

ಆಗಸ್ಟ್ ೧೧, ಭಾನುವಾರ ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯಾ? ಹೊತ್ತು ಹೊತ್ತಿಗೆ ಊಟ ಮಾಡುತ್ತಿದ್ದೀಯಾ? ಆಸ್ಪತ್ರೆ ತುಂಬ ಇರುವ ರೋಗಿಗಳಿಗೆ ಏನು ತಿನ್ನಬೇಕು, ಏನು ಬಿಡಬೇಕು ಎಂದು ಹೇಳುವ ಹುಡುಗಿಯನ್ನು ಹೀಗೆ ಕೇಳುವುದು ತಮಾಷೆಯೇ. ಆದರೆ ತಟ್ಟೆಯ ಮುಂದೆ ಕೂತು ಒಂದೊಂದೇ ಅಗುಳು ಹೆಕ್ಕುತ್ತಿದ್ದವಳನ್ನು ಕಂಡವಳು ನಾನು. ಗುಬ್ಬಿ ಅನ್ನುವ ಹೆಸರು ನಿನಗೆ ಸುಮ್ಮನೆ ಬರಲಿಲ್ಲ.

ನಿನ್ನ ಪತ್ರಕ್ಕೆ ಉತ್ತರ ಬರೆಯುವುದು ತೀರಾ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂರಲಿಲ್ಲ ಎಂದಲ್ಲ. ಕೂತಾಗಲೆಲ್ಲ ಕಾಗದ ಅಂಗೈಗೆ ಅಂಟುತ್ತಿತ್ತು. ಎಷ್ಟು ಸೋಪು ಹಾಕಿ ಉಜ್ಜಿದರೂ ಈ ಹಣ್ಣಿನ ಜಿಗುಟು ಬೆರಳ ಸಂದಿಯಿಂದ ಹೋಗುವುದಿಲ್ಲ. ವಾಸನೆಯಂತೂ ದಿಂಬಿಗೂ ಹತ್ತಿದೆ. ಇವತ್ತು ನಾನು ಅಂಗಡಿಗೆ ಬರುವುದಿಲ್ಲ ಎಂದು ಹೇಳಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ಕೂತಿದ್ದೇನೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ನಾನು ಫೋನ್ ಕೈಗೆತ್ತಿಕೊಂಡರೆ ನಿಮ್ಮಪ್ಪ ಎಲ್ಲಿದ್ದರೂ ಬಂದು ಹಿಂದೆ ನಿಲ್ಲುತ್ತಾರೆ. ಮಾತಾಡುವುದಿಲ್ಲ, ಸುಮ್ಮನೆ ನಿಲ್ಲುತ್ತಾರೆ. ಅವರ ಉಸಿರು ಕತ್ತಿಗೆ ತಾಗುತ್ತಿರುವಾಗ ಮಗಳ ಹತ್ತಿರ ಮನಸ್ಸು ಬಿಚ್ಚಿ ಏನು ಮಾತಾಡಲಿ?

ಮೊದಲು ವಿಷಯ ಹೇಳಿಬಿಡುತ್ತೇನೆ, ನನ್ನ ಸಿಟ್ಟು ಆಮೇಲೆ. ಪಕ್ಕದಂಗಡಿಯ ಗಡಿಯಾರದ ಮಾವ ಹೋದ ತಿಂಗಳು ಸಾಯುವುದರಲ್ಲಿದ್ದರು. ಹೇಗೋ ಉಳಿದರು. ಹಾಗಾದದ್ದು ನಮ್ಮ ಅಂಗಡಿಯ ಪ್ಯಾಶನ್ ಫ್ರೂಟ್ ಜ್ಯೂಸ್ ಕುಡಿದು. ಈಗ ಮನೆಗೆ ಬಂದಿದ್ದಾರೆ, ಮತ್ತೆ ಅದೇ ಬೇಕು ಅನ್ನುತ್ತಿದ್ದಾರೆ. ಡಾಕ್ಟರು ಹೇಳಿದರು, ಅವರ ಮನೆಯ ಅತ್ತೆ ಹೇಳಿದರು, ನಾನು ಕೈ ಮುಗಿದು ಕೇಳಿಕೊಂಡೆ. ಯಾರ ಮಾತೂ ಅವರ ಕಿವಿಗೆ ಹೋಗುತ್ತಿಲ್ಲ. ಇನ್ನೊಂದು ಸಲ ಹಾಗಾದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿದ್ದಾರೆ. ಅವರನ್ನು ನಿಲ್ಲಿಸಬೇಕು, ಅದಕ್ಕೇ ಈ ಪತ್ರ.

ನೀನು ಹೋದ ಮೇಲೆ ಅಂಗಡಿ ಬದಲಾಗಿದೆ. ಕಿತ್ತಳೆ, ದಾಳಿಂಬೆ, ಅನಾನಸು ಎಲ್ಲ ಒಂದು ಮೂಲೆಗೆ ಸರಿದಿವೆ. ಯಾರೋ ಗಿರಾಕಿ ಫೋನಿನಲ್ಲಿ ಒಂದು ವೀಡಿಯೊ ತೋರಿಸಿದನಂತೆ, ಪ್ಯಾಶನ್ ಫ್ರೂಟ್ ತಿಂದರೆ ಏನೇನು ಲಾಭ ಎಂದು. ಅವತ್ತಿನಿಂದ ನಿಮ್ಮಪ್ಪನಿಗೆ ಹಣ್ಣು ಎಂದರೆ ಇದೊಂದೇ. ಬುಟ್ಟಿ ಬುಟ್ಟಿ ಬಂದು ಬೀಳುತ್ತದೆ. ಬೆಳಿಗ್ಗೆಯಿಂದ ಕತ್ತಲಾಗುವ ತನಕ ಕೊಯ್ಯುವುದು, ಕೆರೆಯುವುದು, ಸೋಸುವುದು, ಅದು ನನ್ನ ಕೆಲಸ. ಗಿರಾಕಿಗಳ ಮುಂದೆ ನಿಂತು ಭಾಷಣ ಮಾಡುವುದು ಅವರ ಕೆಲಸ.

ಈ ಹಣ್ಣು ಕಂಡರೆ ನನಗೀಗ ಆಗುವುದಿಲ್ಲ. ಹೊರಗೆ ಸುಕ್ಕುಗಟ್ಟಿದ ನೇರಳೆ ಸಿಪ್ಪೆ. ಕೊಯ್ದರೆ ಒಳಗೆ ಹಳದಿ ಲೋಳೆ, ಲೋಳೆಯೊಳಗೆ ಕಪ್ಪು ಬೀಜ, ಥೇಟ್ ಕಪ್ಪೆಯ ಮೊಟ್ಟೆ. ಚಮಚ ಹಾಕಿದರೆ ಪಿಚಕ್ ಅನ್ನುತ್ತದೆ. ಆ ಸದ್ದು ನನಗೆ ಈಗ ಯಾರೋ ಕಿವಿಯ ಹತ್ತಿರ ಬಾಯಿ ಚಪ್ಪರಿಸಿದ ಹಾಗೆ ಕೇಳಿಸುತ್ತದೆ. ಬಟ್ಟೆಗೆ ಹಾಕಿ ಹಿಂಡಿದರೆ ರಸ ಕೆಳಗೆ, ಬೀಜ ಮೇಲೆ. ಆ ಬೀಜ ಮೋರಿಗೆ ಹೋಗಿ ಕಟ್ಟಿಕೊಂಡು, ನೀರು ಅಂಗಡಿಯೊಳಗೇ ನಿಂತು, ಅದರ ಮೇಲೆ ನೊಣ. ಮೋರಿ ತೆಗೆಯುವವನು ಬಂದು ಕೈ ಹಾಕಿ ಎಳೆದಾಗ ಹೊರಬಂದ ಮುದ್ದೆಯನ್ನು ನೋಡಿ ನಾನು ಹಿತ್ತಲಿಗೆ ಓಡಿಹೋಗಿ ಕಾರಿಕೊಂಡೆ. ನಿಮ್ಮಪ್ಪ ಅಷ್ಟು ಹೊತ್ತೂ ಕೌಂಟರಿನಲ್ಲಿ ನಿಂತು ನಾರಿನ ಅಂಶದ ಮಹಿಮೆ ವರ್ಣಿಸುತ್ತಿದ್ದರು.

ಹಣ್ಣಿನ ತಪ್ಪೇನೂ ಇಲ್ಲ ಎಂದು ನನಗೂ ಗೊತ್ತು. ನೀನು ಪರೀಕ್ಷೆಗೆ ಓದುವಾಗ ಇದೇ ಅಡುಗೆಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಾ ಜೋರಾಗಿ ಒಪ್ಪಿಸುತ್ತಿದ್ದೆಯಲ್ಲ, ಪಾತ್ರೆ ತಿಕ್ಕುತ್ತಾ ಕೇಳಿಸಿಕೊಂಡದ್ದು ನನಗೆ ಇನ್ನೂ ಬಾಯಿಪಾಠ. ನಾರು ಹೇರಳ, ಅದರಲ್ಲಿ ಬೀಜದ್ದೇ ದೊಡ್ಡ ಪಾಲು. ಸಿ ಜೀವಸತ್ವ ಇದೆ, ಎ ಜೀವಸತ್ವ ಇದೆ, ಒಂದಿಷ್ಟು ಕಬ್ಬಿಣ ಇದೆ, ಪೊಟ್ಯಾಸಿಯಂ ಚೆನ್ನಾಗಿದೆ. ಹೊಟ್ಟೆಗೆ ಒಳ್ಳೆಯದು, ಬೀಜದ ಸಮೇತ ಚಮಚದಲ್ಲಿ ತಿನ್ನಬೇಕು, ದಿನಕ್ಕೊಂದೆರಡು ತಿಂದರೆ ಸಾಕು, ಇದು ಹಣ್ಣು, ಔಷಧಿ ಅಲ್ಲ. ಹೀಗೆಲ್ಲ ನೀನು ಹೇಳುತ್ತಿದ್ದೆ. ನಾವು ಮಾಡುವುದೇನು? ಗಿರಾಕಿಗಳ ಹಲ್ಲಿಗೆ ಸಿಕ್ಕಿಕೊಳ್ಳುತ್ತದೆ ಎಂದು ಬೀಜ ಸೋಸಿ ಮೋರಿಗೆ ಹಾಕುತ್ತೇವೆ, ಹುಳಿ ಎಂದು ಸಕ್ಕರೆ ಸುರಿಯುತ್ತೇವೆ, ಆಮೇಲೆ ಆ ಸಕ್ಕರೆ ನೀರನ್ನು ನಾರು ಇದೆ, ಶುಗರಿಗೆ ಒಳ್ಳೆಯದು ಎಂದು ಲೋಟಕ್ಕೆ ಹಾಕಿ ಕೊಡುತ್ತೇವೆ. ಅದನ್ನು ಕುಡಿದು, ಮೀಸೆಗೆ ಅಂಟಿದ ನೊರೆ ನೆಕ್ಕಿಕೊಂಡು, ಆಹಾ ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಈಗ ಹಲಗೆಯ ಕಥೆ ಕೇಳು. ನೀನು ಅದನ್ನು ನೋಡಿಲ್ಲ. ಅಂಗಡಿಯ ಮುಂದೆ, ಬಾಗಿಲಿಗಿಂತ ಅಗಲದ ಒಂದು ಹಸಿರು ಹಲಗೆ ತೂಗುಹಾಕಿದ್ದಾರೆ. ಮೊದಲು ಅದರ ಮೇಲೆ ಪ್ಯಾಶನ್ ಫ್ರೂಟ್ ಜ್ಯೂಸ್ ಸಿಗುತ್ತದೆ ಎಂದಷ್ಟೇ ಇತ್ತು. ಆಮೇಲೆ ನಿಮ್ಮಪ್ಪ ಒಂದು ಪದ್ಧತಿ ಹಿಡಿದರು. ಗಿರಾಕಿ ಯಾರಾದರೂ ಜ್ಯೂಸ್ ಕುಡಿದು ಒಳ್ಳೆಯದಾಯಿತು ಎಂದರೆ ಸಾಕು, ಅವರನ್ನು ಅಲ್ಲೇ ನಿಲ್ಲಿಸಿ, ಬಿಳಿ ಬಣ್ಣದ ಡಬ್ಬಿ ತೆಗೆದು, ಅವರ ಮಾತನ್ನು ಅವರ ಕಣ್ಣೆದುರೇ ದುಂಡು ಅಕ್ಷರದಲ್ಲಿ ಹಲಗೆಗೆ ಏರಿಸುವುದು. ಜನಕ್ಕೂ ಅದೊಂದು ಖುಷಿ. ತಮ್ಮ ಮಾತು ಹಲಗೆಗೆ ಬಂತು ಎಂದು ಮನೆಯವರನ್ನೆಲ್ಲ ಕರೆತಂದು ತೋರಿಸುತ್ತಾರೆ.

ಲಾರಿ ಡ್ರೈವರೊಬ್ಬ ಚೆನ್ನಾಗಿ ನಿದ್ದೆ ಬಂತು ಅಂದ. ನಿದ್ದೆ ಬರುತ್ತದೆ ಎಂದು ಬರೆದರು. ಅವನು ಅದಕ್ಕೆ ಮೊದಲು ಎರಡು ರಾತ್ರಿ ಗಾಡಿ ಓಡಿಸಿ ಬಂದಿದ್ದ, ಅವನಿಗೆ ಗಂಜಿ ಕುಡಿಸಿದ್ದರೂ ನಿದ್ದೆ ಬರುತ್ತಿತ್ತು. ಲೆಕ್ಕದ ಟೀಚರಮ್ಮ ಬಿ.ಪಿ. ಇಳಿಯಿತು ಅಂದರು. ಅದೇ ವಾರ ಅವರು ಮಾತ್ರೆ ಶುರು ಮಾಡಿದ್ದನ್ನು ನನ್ನ ಹತ್ತಿರ ಹೇಳಿದ್ದರು, ಹಲಗೆಗೆ ಹೇಳಲಿಲ್ಲ. ಮಲಬದ್ಧತೆ ಹೋಯಿತು ಎಂದು ಒಂದು ಸಾಲು, ಅದರ ಕೆಳಗೇ ಭೇದಿ ನಿಂತಿತು ಎಂದು ಇನ್ನೊಂದು ಸಾಲು. ಕೂದಲು ಉದುರುವುದು ನಿಂತಿತು ಎಂದು ಹೇಳಿದವರ ತಲೆಯನ್ನು ನಾನು ನೋಡಿದ್ದೇನೆ, ಉದುರಲು ಅಲ್ಲಿ ಏನೂ ಉಳಿದಿರಲಿಲ್ಲ. ಇದೆಲ್ಲ ಸುಳ್ಳಲ್ಲವೇ ಎಂದು ಕೇಳಿದರೆ ನಿಮ್ಮಪ್ಪನ ಉತ್ತರ ಸಿದ್ಧವಾಗಿರುತ್ತಿತ್ತು. ನಾನು ಒಂದಕ್ಷರವೂ ಸ್ವಂತವಾಗಿ ಬರೆದಿಲ್ಲ, ಜನ ಹೇಳಿದ್ದನ್ನು ಬರೆದಿದ್ದೇನೆ, ಅವರು ಸುಳ್ಳು ಹೇಳಿದರೆ ಅದು ಅವರ ಬಾಯಿ ಎಂದು ಅನ್ನುತ್ತಿದ್ದರು. ಅಷ್ಟು ನುಣ್ಣಗೆ ಕೈ ತೊಳೆದುಕೊಳ್ಳುವವರನ್ನು ನಾನು ಬೇರೆ ಕಂಡಿಲ್ಲ.

ಆ ಸಾಲುಗಳ ಮೇಲೆ ಒಂದು ಚಿತ್ರವೂ ಇದೆ. ಅದರ ಮಾತು ಈಗ ಬೇಡ, ಬರೆಯಲು ಕೈ ಬರುತ್ತಿಲ್ಲ.

ಗಡಿಯಾರದ ಮಾವನ ಕಿಡ್ನಿ ಎರಡೂ ಕೈಕೊಟ್ಟ ಸಂಗತಿ ನಿನಗೆ ಗೊತ್ತೇ ಇದೆ. ದಿನ ಬಿಟ್ಟು ದಿನ ಎದುರಿನ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಯಂತ್ರಕ್ಕೆ ಕೈ ಕೊಟ್ಟು ಬರುತ್ತಾರೆ. ಬಂದವರು ಮನೆಗೆ ಹೋಗಿ ಮಲಗುವುದಿಲ್ಲ, ಅಂಗಡಿ ತೆರೆದು ಕಣ್ಣಿಗೆ ಆ ಕಪ್ಪು ಬುಡ್ಡಿ ಮಸೂರ ಸಿಕ್ಕಿಸಿಕೊಂಡು ಕೂರುತ್ತಾರೆ. ಅವರಿಗೆ ನೀರೂ ಅಳೆದೇ ಕೊಡಬೇಕು. ಬಾಯಾರಿಕೆ ಎಂದರೆ ಏನೆಂದು ಅವರ ತುಟಿ ನೋಡಿದರೆ ಗೊತ್ತಾಗುತ್ತಿತ್ತು. ಆದರೂ ಪಥ್ಯ ಮುರಿದವರಲ್ಲ. ನಿಮ್ಮಪ್ಪ ಮೊದಮೊದಲು ಲೋಟ ನೀಡಿದಾಗ ಬೇಡ ಭಾವ, ಡಾಕ್ಟರು ಹಣ್ಣಿನ ರಸ ಮುಟ್ಟಬೇಡ ಅಂದಿದ್ದಾರೆ ಎಂದು ನಗುತ್ತಲೇ ಹಿಂದಕ್ಕೆ ಕೊಡುತ್ತಿದ್ದರು. ಎಷ್ಟೋ ತಿಂಗಳು ಹಾಗೇ ನಡೆಯಿತು.

ಆಮೇಲೆ ಒಂದು ದಿನ ಕುಡಿದರು. ಮಾರನೆಯ ದಿನವೂ ಕುಡಿದರು. ಯಾಕೆ ಮನಸ್ಸು ಬದಲಾಯಿಸಿದರು ಎಂದು ನನಗೆ ಆಗ ಹೊಳೆಯಲಿಲ್ಲ, ಈಗ ಗೊತ್ತಾಗಿದೆ. ನಾನು ನಿಮ್ಮಪ್ಪನ ಕೈ ಹಿಡಿದು, ಮಗಳು ಏನು ಹೇಳಿದ್ದಳು ಮರೆತಿರಾ, ಕಿಡ್ನಿ ಕೆಟ್ಟವರಿಗೆ ಇದನ್ನು ಕೊಡಬಾರದು, ಪೊಟ್ಯಾಸಿಯಂ ಮೈಯಿಂದ ಹೊರಗೆ ಹೋಗುವುದಿಲ್ಲ, ಎದೆಗೇ ಏರುತ್ತದೆ ಎಂದೆ. ಅವರು ಸೋಸುವ ಬಟ್ಟೆ ನನ್ನ ಕೈಗೆ ಕೊಟ್ಟು, “ಹಣ್ಣು ಕಣೇ ಇದು, ಇಲಿ ಪಾಷಾಣ ಅಲ್ಲ” ಅಂದರು. ನಾನು ಕೊಡದಿದ್ದರೆ ಅವರೇ ತಮ್ಮ ಕೈಯಾರೆ ಎರಡು ಅಂಗಡಿಯ ನಡುವಿನ ಗೋಡೆಯ ಮೇಲಿಂದ ಲೋಟ ದಾಟಿಸುತ್ತಿದ್ದರು. ಪ್ರೀತಿಯಿಂದಲೇ ಕೊಡುತ್ತಿದ್ದರು, ಅದಕ್ಕೆ ಕಾಸೂ ಕೇಳುತ್ತಿರಲಿಲ್ಲ. ಅದನ್ನು ಬರೆಯದಿದ್ದರೆ ಅವರಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ.

ಮಾವ ಒಂದು ದಿನ ಲೋಟ ಕೆಳಗಿಟ್ಟು, ಇದನ್ನು ಕುಡಿದರೆ ಮೈಗೆ ಜೀವ ಬಂದ ಹಾಗಾಗುತ್ತೆ ಭಾವ ಅಂದರಂತೆ. ವರ್ಷಗಟ್ಟಲೆ ಬಾಯಾರಿದವರಿಗೆ ತಣ್ಣನೆ ಸಿಹಿ ನೀರು ಸಿಕ್ಕಿದರೆ ಇನ್ನೇನು ಅನ್ನುತ್ತಾರೆ? ನಾನು ಮನೆಯಿಂದ ಊಟದ ಡಬ್ಬಿ ತರುವಷ್ಟರಲ್ಲಿ ಹಲಗೆಯ ಮೇಲೆ ಹೊಸ ಸಾಲು ಬಂದಿತ್ತು. ಕಿಡ್ನಿ ತೊಂದರೆ ಇರುವವರ ಮೈಗೆ ಜೀವ ಬರುತ್ತದೆ. ಆಸ್ಪತ್ರೆಯ ಡಯಾಲಿಸಿಸ್ ವಾರ್ಡಿನ ಕಿಟಕಿಗೆ ನೇರ ಎದುರಾಗಿ, ಗುಬ್ಬಿ. ಅಲ್ಲಿ ಮಲಗಿದವರು ತಲೆ ತಿರುಗಿಸಿದರೆ ಕಾಣುವುದೇ ಅದು. ಅವತ್ತು ನಾನು ಊಟದ ಡಬ್ಬಿಯನ್ನು ಅವರ ಮುಂದೆ ಕುಕ್ಕಿ, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ. ಅವರು ಮುಖ ಗಂಟಿಕ್ಕಿಕೊಂಡು ಊಟ ಮಾಡಿದರು, ಸಾಲು ಅಳಿಸಲಿಲ್ಲ.

ಹೋದ ತಿಂಗಳು ಒಂದು ಸಂಜೆ ಮಾವ ಕೆಲಸ ಮಾಡುತ್ತಿದ್ದ ಮೇಜಿನ ಮೇಲೆಯೇ ಕುಸಿದರು. ಏನೋ ಬಿದ್ದ ಸದ್ದಾಯಿತು ಎಂದು ಇಣುಕಿದರೆ ಗಡಿಯಾರದ ಚಕ್ರಗಳೆಲ್ಲ ನೆಲದ ಮೇಲೆ, ಅವರ ಕೆನ್ನೆ ಮೇಜಿಗೆ ಒತ್ತಿಕೊಂಡಿದೆ, ಕಣ್ಣು ತೆರೆದೇ ಇದೆ. ತಂಗೀ, ಕಾಲು ಎತ್ತಕ್ಕಾಗ್ತಿಲ್ಲ ಅಂದರು. ನಿಮ್ಮಪ್ಪ, ಎದುರಿನ ಔಷಧಿ ಅಂಗಡಿಯವನು, ನಾನು ಮೂವರೂ ಸೇರಿ ಕುರ್ಚಿಯ ಸಮೇತ ರಸ್ತೆ ದಾಟಿಸಿದೆವು. ಪೊಟ್ಯಾಸಿಯಂ ಏರಿ ಎದೆಬಡಿತ ಹದ ತಪ್ಪಿದೆ, ಇನ್ನು ಸ್ವಲ್ಪ ತಡವಾಗಿದ್ದರೆ ನಿಂತೇಬಿಡುತ್ತಿತ್ತು ಎಂದು ಅಲ್ಲಿ ಹೇಳಿದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅತ್ತೆ ನನ್ನ ಕೈ ಹಿಡಿದುಕೊಂಡರು. ಹಿಡಿದವರು ಒಂದು ಕ್ಷಣ ಬಿಟ್ಟು ತಮ್ಮ ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಹಿಡಿದರು. ನನ್ನ ಕೈ ಅಂಟುತ್ತಿತ್ತು.

ಮಾರನೆಯ ದಿನ ಡಯಾಲಿಸಿಸ್ ವಾರ್ಡಿನ ಹಿರಿಯ ಸಿಸ್ಟರ್ ಅಂಗಡಿಗೆ ಬಂದರು. ಜ್ಯೂಸ್ ಕುಡಿಯಲು ಬಂದವರು ಅಂದುಕೊಂಡು ನಿಮ್ಮಪ್ಪ ಲೋಟ ತೊಳೆಯಲು ಹೋದರು. ಸಿಸ್ಟರ್ ಹಲಗೆಯನ್ನು ಮೇಲಿನಿಂದ ಕೆಳಗಿನ ತನಕ ಓದಿದರು, ಅವಸರವಿಲ್ಲದೆ, ಪ್ರತಿಯೊಂದು ಸಾಲನ್ನೂ. ಆಮೇಲೆ ನಿಮ್ಮಪ್ಪನ ಹತ್ತಿರ ಬಂದು ಮೆಲ್ಲಗೆ ಹೇಳಿದರು, “ನಮ್ಮ ವಾರ್ಡಿನಲ್ಲಿ ಇನ್ನೂ ಮೂವರು ಈ ಬೋರ್ಡ್ ನೋಡಿ ಕೇಳಿದ್ರು. ನಾನು ಬೇಡ ಅಂದೆ. ನನ್ನ ಡ್ಯೂಟಿ ಇಲ್ಲದಾಗ ಕೇಳಿದವರು ಯಾರೋ ಗೊತ್ತಿಲ್ಲ.” ಅಷ್ಟೇ. ಬೈಯಲೂ ಇಲ್ಲ. ನಿಮ್ಮಪ್ಪ ಒದ್ದೆ ಲೋಟ ಹಿಡಿದುಕೊಂಡು ಬೆಪ್ಪಾಗಿ ನಿಂತಿದ್ದರು.

ಇಲ್ಲಿಗೆ ಬುದ್ಧಿ ಬಂತು ಅಂದುಕೊಂಡೆ. ನಾನೂ ಬೆಪ್ಪಿಯೇ. ಕೆಲವು ದಿನದಲ್ಲಿ ಮಾವ ಚೇತರಿಸಿಕೊಂಡು ಮನೆಗೆ ಬಂದರು. ಬಂದ ದಿನವೇ ಸಂಜೆ ನಾನು ಮಾರ್ಕೆಟ್ಟಿನಿಂದ ಬಂದು ನೋಡುತ್ತೇನೆ, ನಿಮ್ಮಪ್ಪ ಏಣಿಯ ಮೇಲೆ ಹತ್ತಿದ್ದಾರೆ, ಕೈಯಲ್ಲಿ ಬಿಳಿ ಬಣ್ಣದ ಡಬ್ಬಿ. ಸಾವಿನ ಬಾಯಿಂದ ಮರಳಿ ಬಂದರು, ನಮ್ಮ ಗಿರಾಕಿ. ಗಿರಾಕಿ ಅನ್ನುವುದರ ಕೊನೆಯ ಅಕ್ಷರಕ್ಕೆ ಇನ್ನೂ ಗುಡಿಸು ಹಾಕುತ್ತಿದ್ದರು. ಏನ್ರೀ ಇದು ಅಂದೆ. ದಿನಾ ಕುಡಿದ ಶಕ್ತಿ ಮೈಯಲ್ಲಿ ಇದ್ದುದಕ್ಕೇ ತಡೆದುಕೊಂಡ, ಬೇರೆಯವರಾಗಿದ್ದರೆ ಹೋಗಿಬಿಡುತ್ತಿದ್ದರು ಎಂದು ನನಗೇ ಸಮಾಧಾನ ಹೇಳಿದರು. ನಗುತ್ತಿರಲಿಲ್ಲ, ಸುಳ್ಳೂ ಹೇಳುತ್ತಿರಲಿಲ್ಲ. ನಿಜವಾಗಿ ಹಾಗೇ ನಂಬಿದ್ದರು. ನಂಬದಿದ್ದರೆ ತಾವೇ ತಮ್ಮ ಕೈಯಿಂದ ಮಾವನಿಗೆ ಏನು ಕೊಟ್ಟೆವು ಎಂದು ಯೋಚಿಸಬೇಕಾಗುತ್ತಿತ್ತಲ್ಲ, ಅದಕ್ಕೆ.

ಗುಬ್ಬಿ, ಆ ಹೊತ್ತು ನನಗೆ ನಿಮ್ಮಪ್ಪನ ಮೇಲೆ ಹುಟ್ಟಿದ ಅಸಹ್ಯವನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಅವರ ಅಂಗಿಯ ಬೆವರು, ಉಗುರಿನ ಸಂದಿಯ ಹಳದಿ, ಏಣಿಯ ಮೇಲಿಂದ ಕಾಣುತ್ತಿದ್ದ ಹಿಮ್ಮಡಿ, ಒಂದನ್ನೂ ನೋಡಲಾಗಲಿಲ್ಲ. ಒಂದೇ ಹಾಸಿಗೆಯಲ್ಲಿ ಇಷ್ಟು ವರ್ಷ ಮಲಗಿದ ಮನುಷ್ಯ. ಅವರ ಕೈಯ ಊಟ ಉಂಡಿದ್ದೇನೆ, ಜ್ವರ ಬಂದಾಗ ಅವರು ನನ್ನ ಹಣೆಗೆ ಪಟ್ಟಿ ಹಾಕಿದ್ದಾರೆ. ಅದೆಲ್ಲ ನೆನಪಿದ್ದೂ, ಆ ಕೈ ನನ್ನನ್ನು ಮುಟ್ಟಬಾರದು ಅನ್ನಿಸಿತು.

ಪಕ್ಕದ ಸೈಕಲ್ ಅಂಗಡಿಗೆ ಹೋಗಿ ಬಣ್ಣ ಕರಗಿಸುವ ಥಿನ್ನರ್ ಕೇಳಿ ತಂದೆ. ಅವರನ್ನು ಏಣಿಯಿಂದ ಇಳಿಸಿ ನಾನು ಹತ್ತಿದೆ. ಸೀರೆ ಎತ್ತಿ ಕಟ್ಟಿಕೊಂಡು, ರಸ ಸೋಸುವ ಬಟ್ಟೆಯನ್ನೇ ಅದ್ದಿ ಉಜ್ಜಿದೆ. ಮೊದಲು ಒದ್ದೆ ಸಾಲು ಹೋಯಿತು. ಆಮೇಲೆ ಕಿಡ್ನಿ, ಆಮೇಲೆ ಶುಗರು, ಬಿ.ಪಿ., ನಿದ್ದೆ, ಕೂದಲು, ಎಲ್ಲ. ರಸ್ತೆಯಲ್ಲಿ ಜನ ನಿಂತು ನೋಡಿದರು. ಭೇದಿ ನಿಂತಿತು ಎಂದವನು ತನ್ನ ಸಾಲು ಉಜ್ಜುವಾಗ ಅದು ನಂದು ಕಣಮ್ಮಾ ಎಂದು ಕೆಳಗಿನಿಂದ ಕೂಗಿದ. ನಿಮ್ಮಪ್ಪ ಏಣಿ ಹಿಡಿದುಕೊಂಡು ನಿಂತಿದ್ದರು, ತಡೆಯಲಿಲ್ಲ. ಬಿಳಿ ಬಣ್ಣ ಕರಗಿ ನನ್ನ ಮೊಣಕೈ ತನಕ ಇಳಿಯಿತು. ಹಲಗೆಯ ಮೇಲೀಗ ಒಂದು ಸಾಲೂ ಇಲ್ಲ. ಹಲಗೆ ಮಾತ್ರ ಅಲ್ಲೇ ಇದೆ.

ಮಾವನಿಗೆ ಜ್ಯೂಸ್ ಕೊಡುವುದನ್ನೂ ನಿಲ್ಲಿಸಿದೆವು. ನಿಮ್ಮಪ್ಪ ಬಾಯಿ ಬಿಟ್ಟು ತಪ್ಪಾಯಿತು ಅನ್ನಲಿಲ್ಲ, ಆದರೆ ಗೋಡೆಯ ಮೇಲಿಂದ ಲೋಟ ದಾಟಿಸುವುದನ್ನು ಬಿಟ್ಟಿದ್ದಾರೆ. ಮಾವ ಕೇಳಿದರೆ ಹಣ್ಣು ಬಂದಿಲ್ಲ ಅನ್ನುತ್ತಾರೆ. ಬುಟ್ಟಿಗಳು ಅವರ ಕಣ್ಣೆದುರೇ ಇರುತ್ತವೆ. ಮಾವ ತಲೆ ಆಡಿಸುತ್ತಾರೆ.

ಇಷ್ಟಕ್ಕೇ ಮುಗಿದಿದ್ದರೆ ನಿನಗೆ ತೊಂದರೆ ಕೊಡುತ್ತಿರಲಿಲ್ಲ. ಮೊನ್ನೆ ಅತ್ತೆ ಓಡಿ ಬಂದರು. ಮಾವನ ಮೇಜಿನ ಖಾನೆ ಎಳೆದರೆ ಇರುವೆ ಸಾಲುಗಟ್ಟಿದ್ದವಂತೆ. ಒಳಗೆ ಸ್ಪ್ರಿಂಗು ಇಡುವ ತಗಡಿನ ಡಬ್ಬಿ, ಅದರಲ್ಲಿ ಹಣ್ಣಿನ ಸಿಪ್ಪೆ, ಒಂದರೊಳಗೊಂದು ಜೋಡಿಸಿಟ್ಟದ್ದು, ಬೂಸ್ಟು ಬಂದು ಕಪ್ಪಾದದ್ದು. ಆಸ್ಪತ್ರೆಯ ಗೇಟಿನ ಹತ್ತಿರ ತಳ್ಳುಗಾಡಿಯವನಿಂದ ಕೊಂಡು ಜೇಬಿನಲ್ಲಿ ತರುತ್ತಾರೆ, ಗಿರಾಕಿ ಇಲ್ಲದಾಗ ಗಡಿಯಾರ ಬಿಚ್ಚುವ ಚೂಪು ಚಾಕುವಿನಲ್ಲೇ ಕೊಯ್ದು ತಿನ್ನುತ್ತಾರೆ. ಬೀಜವನ್ನೂ ಉಗುಳುವುದಿಲ್ಲ. ಅತ್ತೆ ಆ ಡಬ್ಬಿಯನ್ನು ನನ್ನ ಕೌಂಟರಿನ ಮೇಲೆ ಇಟ್ಟು, “ನಿಮ್ಮನೇಲಿ ಹಚ್ಚಿದ್ದು ಇದು, ನೀವೇ ಬಿಡಿಸಿ” ಅಂದರು. ಅವರ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ, ದಣಿದಿದ್ದರು. ಡಬ್ಬಿಯಿಂದ ಬಂದ ಹುಳಿ ನಾತಕ್ಕೆ ನಾನು ಮುಖ ತಿರುಗಿಸಿಕೊಂಡೆ, ಆಮೇಲೆ ನಾಚಿಕೆಯಾಗಿ ಮತ್ತೆ ಅವರ ಕಡೆ ನೋಡಿದೆ.

ಹೀಗಿದೆ ಇಲ್ಲಿನ ಸಮಾಚಾರ. ಉಳಿದದ್ದೆಲ್ಲ ಸುಖ ಎಂದು ಬರೆಯುವುದು ರೂಢಿ. ನನ್ನ ಮಂಡಿನೋವು ಹಾಗೇ ಇದೆ. ನಿನ್ನ ಕೋಣೆಯ ಕಿಟಕಿಯ ಕೊಂಡಿ ಸಡಿಲಾಗಿತ್ತು, ಸರಿ ಮಾಡಿಸಿದ್ದೇನೆ. ಹಾಸಿಗೆ ಹೊದಿಕೆ ಒಗೆದು ಇಟ್ಟಿದ್ದೇನೆ, ಬೇರೆ ಸೋಪಿನಲ್ಲಿ, ಬೇರೆ ಬಕೆಟ್ಟಿನಲ್ಲಿ. ಅದಕ್ಕೆ ಹಣ್ಣಿನ ವಾಸನೆ ಹತ್ತಿಲ್ಲ.

ನಿನ್ನ ಮಾತನ್ನು ನಂಬುವವರು ನಿನಗೆ ಯಾವಾಗಲೂ ಸಿಗಲಿ, ನಿನ್ನ ಮಾತನ್ನು ಕದಿಯುವವರು ಸಿಗದಿರಲಿ. ಹೊಟ್ಟೆ ತುಂಬ ಊಟ ಮಾಡು, ಕಣ್ತುಂಬ ನಿದ್ದೆ ಮಾಡು. ನೂರು ಕಾಲ ಬಾಳು ಮಗಳೇ.

ಅಂಟು ಕೈಯ
ನಿನ್ನ ಅಮ್ಮ

ತಾ.ಕ.: ಕಾಗದ ಮಡಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಆ ಚಿತ್ರದ ಮಾತು ಹೇಳದೆ ಈ ಪತ್ರ ಹಾಕಿದರೆ ಪ್ರಯೋಜನವಿಲ್ಲ.

ಹಲಗೆಯ ಮೇಲಿರುವುದು ನೀನು. ಕಾಲೇಜಿನ ಆಹಾರ ಪ್ರದರ್ಶನದ ದಿನ ಬಿಳಿ ಕೋಟು ಹಾಕಿಕೊಂಡು ಕಿತ್ತಳೆ ಹಣ್ಣು ಹಿಡಿದು ನಗುತ್ತಾ ತೆಗೆಸಿಕೊಂಡ ಫೋಟೊ. ಗೋಡೆಯಿಂದ ಇಳಿಸಿಕೊಂಡು ಹೋಗಿ ದೊಡ್ಡದು ಮಾಡಿಸಿದ್ದಾರೆ. ಕಿತ್ತಳೆ ತೆಗೆಸಿ ನಿನ್ನ ಕೈಯಲ್ಲಿ ಪ್ಯಾಶನ್ ಫ್ರೂಟ್ ಹಿಡಿಸಿದ್ದಾರೆ. ಭಾನುವಾರ ಒಂದು ಗಂಟೆ ಕೋಟು ಹಾಕಿಕೊಂಡು ಅಂಗಡಿಯಲ್ಲಿ ನಿಂತು ನಮ್ಮ ಜ್ಯೂಸಿನಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಗಿರಾಕಿಗಳಿಗೆ ಹೇಳು ಎಂದು ಅವರು ಕೇಳಿದ್ದು, ಸುಳ್ಳು ಹೇಳಲು ನಾನು ಓದಿದ್ದಲ್ಲ ಎಂದು ನೀನು ಚೀಲ ಎತ್ತಿಕೊಂಡು ಹೋದದ್ದು, ಆಮೇಲೆ ಈ ಮನೆಯ ಹೊಸಿಲು ತುಳಿಯದೇ ಇರುವುದು, ಎಲ್ಲ ನನಗೆ ಗೊತ್ತಲ್ಲ. ನೀನು ಮಾಡಲಾರೆ ಎಂದದ್ದನ್ನು ನಿನ್ನ ಚಿತ್ರದ ಕೈಯಲ್ಲಿ ಮಾಡಿಸಿದ್ದಾರೆ. ಅದನ್ನು ಏರಿಸಿದ ಮಾರನೆಯ ದಿನವೇ ಮಾವ ಮೊದಲ ಲೋಟ ಕುಡಿದದ್ದು.

ಮೊನ್ನೆ ಆ ತಗಡಿನ ಡಬ್ಬಿ ಹಿಡಿದುಕೊಂಡು ಹೋಗಿ ಮಾವನ ಎದುರು ನಿಂತು, ಯಾಕಣ್ಣ ಹೀಗೆ ಮಾಡ್ತೀರಿ, ಡಾಕ್ಟರ ಮಾತಿಗಿಂತ ಇದು ಹೆಚ್ಚಾ ಎಂದು ಕೇಳಿದೆ. ಅವರು ಕಣ್ಣಿನ ಬುಡ್ಡಿ ತೆಗೆದು ಹಲಗೆಯ ಕಡೆ ಕೈ ತೋರಿಸಿದರು. “ನಮ್ಮ ಗುಬ್ಬಿ ಕೈಯಲ್ಲಿ ಹಿಡ್ಕೊಂಡು ನಿಂತಿದೆಯಲ್ಲ ತಂಗೀ. ಅದು ಸುಳ್ಳು ಹೇಳೋ ಮಗು ಅಲ್ಲ. ಬೀಜ ಸೋಸಬಾರದು ಅಂತ ಅವಳೇ ಹೇಳ್ತಿದ್ದಳು, ನೀವು ಸೋಸಿ ಕೊಟ್ಟಿದ್ದಕ್ಕೇ ನನಗೆ ಹಾಗಾಯ್ತು. ಈಗ ಬೀಜದ ಸಮೇತ ತಿಂತಿದ್ದೀನಿ.” ನಿನಗೆ ಮೊದಲ ಕೈಗಡಿಯಾರ ಕಟ್ಟಿ, ಮುಳ್ಳು ನೋಡುವುದನ್ನು ಕಲಿಸಿದ ಮನುಷ್ಯ. ಅವಳು ಹಾಗೆ ಹೇಳಿಲ್ಲ, ಅದು ಅಂಗಡಿಯವರು ಮಾಡಿಸಿದ ಚಿತ್ರ ಎಂದೆ. ಅವರು ನನ್ನನ್ನು ಮರುಕದಿಂದ ನೋಡಿದರು, ತಾಯಿಯೇ ಮಗಳನ್ನು ಸುಳ್ಳು ಮಾಡುತ್ತಿದ್ದಾಳಲ್ಲ ಅನ್ನುವ ಹಾಗೆ. ಫೋನಿನಲ್ಲಿ ನಿನ್ನ ಹತ್ತಿರ ಮಾತಾಡಿಸೋಣ ಎಂದರೆ ಅವರ ಕಿವಿ ಪೂರ್ತಿ ಹೋಗಿದೆ, ಎದುರು ನಿಂತು ಬಾಯಿ ತೋರಿಸಿ ಹೇಳಿದರೆ ಮಾತ್ರ ತಿಳಿಯುತ್ತದೆ, ವೀಡಿಯೊ ಕಾಲಿನಲ್ಲಿ ತುಟಿ ತಡೆ ತಡೆದು ಕಾಣುತ್ತದೆ.

ಚಿತ್ರವನ್ನೂ ಸಾಲು ಅಳಿಸಿದ ದಿನವೇ ಕಿತ್ತುಹಾಕಲು ಹೋಗಿದ್ದೆ. ಸಾಲುಗಳನ್ನೆಲ್ಲ ಉಜ್ಜುವಾಗ ಸುಮ್ಮನಿದ್ದ ನಿಮ್ಮಪ್ಪ ಆಗ ನನ್ನ ಕಾಲು ಹಿಡಿದುಕೊಂಡರು, ಏಣಿಯ ಮೇಲೆ ನಿಂತವಳ ಕಾಲು. “ಅದೊಂದು ಬಿಡೇ. ಅದನ್ನೂ ತೆಗೆದರೆ ಅವಳು ಇನ್ನೊಂದು ಸಲ ಹೋದ ಹಾಗಾಗುತ್ತೆ” ಅಂದರು. ರಸ್ತೆಯವರೆಲ್ಲ ನೋಡುತ್ತಿದ್ದರು. ನಾನು ಇಳಿದೆ. ಕರುಣೆಯಿಂದ ಇಳಿದೆ ಎಂದುಕೊಳ್ಳಬೇಡ, ಅವರ ಅಂಟು ಕೈ ಕಾಲಿಂದ ಬಿಟ್ಟರೆ ಸಾಕಾಗಿತ್ತು. ದಿನಾ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಅವರು ಮೊದಲು ನಿನ್ನ ಮುಖ ಒರೆಸುತ್ತಾರೆ. ಆಮೇಲೆ ಅದೇ ಬಟ್ಟೆಯಲ್ಲಿ ಕೌಂಟರ್ ಒರೆಸುತ್ತಾರೆ. ನೋಡಿದಾಗಲೆಲ್ಲ ನನಗೆ ಅಸಹ್ಯವಾಗುತ್ತದೆ, ಆದರೂ ನೋಡುತ್ತೇನೆ.

ನಿಮ್ಮಪ್ಪನನ್ನು ಕ್ಷಮಿಸು ಎಂದು ನಾನು ಬರೆಯುತ್ತಿಲ್ಲ, ನಾನೇ ಕ್ಷಮಿಸಿಲ್ಲ. ಮನೆಗೆ ಬರದಿದ್ದರೂ ಬೇಡ. ಬಸ್ಸಿಳಿದು ನೇರ ಗಡಿಯಾರದ ಅಂಗಡಿಗೆ ಹೋಗು. ಮಾವನ ಎದುರು ನಿಂತು, ಬೇಡ ಮಾವ, ತಿನ್ನಬೇಡಿ ಎಂದು ಬಾಯಿಬಿಟ್ಟು ಹೇಳು. ಬರುವಾಗ ಆ ಬಿಳಿ ಕೋಟು ಹಾಕಿಕೊಂಡು ಬಾ. ಇಲ್ಲದಿದ್ದರೆ ಅವರು ನಿನ್ನನ್ನು ಬಿಟ್ಟು ಹಲಗೆಯ ಮೇಲಿನವಳನ್ನೇ ನಂಬುತ್ತಾರೆ.